ಬೂಟಿನೊಳಗಿನ ಪೇಪರು

ಆಗೆಲ್ಲ ನಮ್ಮ ಮನೆಗೆ ಯಾರು ಬಂದಿದ್ದಾರೆಂದು ತಿಳಿಯಲು ಒಳಗೆ ಇಣುಕಬೇಕಾಗಿರಲಿಲ್ಲ, ಮೆಟ್ಟಿಲ ಬುಡ ನೋಡಿದರೆ ಸಾಕಿತ್ತು. ಬಾರಿಗೆ ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ ಕಂಡರೆ ಹೊಂಗಡಹಳ್ಳದ ಸಣ್ಣಪ್ಪ ಮಾವ ಬಂದಿದ್ದಾರೆ. ಕಂದು ಸ್ಯಾಂಡಲ್ ಆದರೆ ಪೋಸ್ಟಿನವರು. ಕರಿ ಪ್ಲಾಸ್ಟಿಕ್ ಶೂ ಆದರೆ ಯಾವುದೋ ತೋಟದ ಕೆಲಸದವರು. ನಿಮ್ಮಲ್ಲಿ ನಮ್ಮ ಕಡೆ ಬೆಳೆದವರಿದ್ದರೆ ಆ ಪ್ಲಾಸ್ಟಿಕ್ ಶೂ ನೆನಪಿರಲೇಬೇಕು. ಸಂತೆಯಲ್ಲಿ ದಾರಕ್ಕೆ ಪೋಣಿಸಿ ನೇತುಹಾಕುತ್ತಿದ್ದರಲ್ಲ, ಲೇಸು ಕಟ್ಟಿದ ಹಾಗೆ ಅದರ ಮೇಲೇ ಅಚ್ಚು ಹೊಡೆದಿರುತ್ತಿತ್ತು. ಹೊಸದಾಗಿದ್ದಾಗ ಸೀಮೆಎಣ್ಣೆಯಂಥ ವಾಸನೆ, ಹಳೆಯದಾದ ಮೇಲೆ ಬೇರೆಯೇ ವಾಸನೆ. ಅದರ ವಿಚಾರ ಬೇಡ ಬಿಡಿ.

ಅಡುಗೆಮನೆಯ ಕಿಟಕಿಯಿಂದ ಮೆಟ್ಟಿಲು ಕಾಣುತ್ತಿತ್ತು. ಅಜ್ಜಿ ಒಲೆಯ ಮುಂದಿನಿಂದಲೇ ಕತ್ತು ಚಾಚಿ ನೋಡಿ ಕಾಫಿ ಯಾವುದೆಂದು ತೀರ್ಮಾನಿಸುತ್ತಿದ್ದರು. ಚರ್ಮದ್ದು ಕಂಡರೆ ಸಕ್ಕರೆ ಹಾಕಿದ ಗಟ್ಟಿ ಹಾಲಿನ ಕಾಫಿ, ಕಪ್-ಸಾಸರಿನಲ್ಲಿ. ಹವಾಯಿ ಆದರೆ ಬೆಲ್ಲದ ಕಾಫಿ, ಸ್ಟೀಲ್ ಲೋಟದಲ್ಲಿ. ಇದು ತಪ್ಪೋ ಸರಿಯೋ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ನನಗೆ ಆಗ ಹತ್ತು ವರ್ಷ, ಬೆಲ್ಲದ ಕಾಫಿಯೇ ಹೆಚ್ಚು ಇಷ್ಟ.

ಈ ಪದ್ಧತಿಗೆಲ್ಲ ಮೂಲಪುರುಷ ನಮ್ಮ ತಾತ. ಹಾನುಬಾಳಿನ ಹತ್ತಿರದ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ ಯಾರು ಯಾವ ಕೆಲಸಕ್ಕೆ ಎಂದು ಹಂಚುವುದು ಅವರ ಕೆಲಸವಾಗಿತ್ತು. ತಲೆ ಬಗ್ಗಿಸಿ ಬರೆಯುವಾಗ ಎದುರಿಗೆ ನಿಂತವರ ಕಾಲೇ ಮೊದಲು ಕಾಣುತ್ತಿತ್ತಂತೆ. ಹಾಗೆ ಕಾಲು ನೋಡಿ ನೋಡಿ ಅವರಿಗೆ ಅದೊಂದು ವಿದ್ಯೆಯಾಗಿಬಿಟ್ಟಿತ್ತು. "ಬಾಯಿ ಬೇಕಾದ್ದು ಹೇಳ್ತದೆ ಪುಟ್ಟಿ. ಕಾಲಲ್ಲಿ ಏನೈತೆ ನೋಡು, ಆಸಾಮಿ ಎಂಥೋನು ಅಂತ ಗೊತ್ತಾಗ್ಬುಡ್ತದೆ" ಎನ್ನುತ್ತಿದ್ದರು.

ಸಂತೆಯ ದಿನ ಹಾನುಬಾಳಿಗೆ ಕರೆದುಕೊಂಡು ಹೋದರೆ ಬಸ್ಸು ನಿಲ್ಲುವ ಕಡೆ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಕೈಗೆ ಬಿಸಿ ಬೋಂಡಾ ಕೊಟ್ಟು, ಬಸ್ಸಿನಿಂದ ಇಳಿಯುವ ಕಾಲುಗಳನ್ನು ನೋಡಿ ಯಾರು ಏನೆಂದು ಹೇಳು ಎನ್ನುತ್ತಿದ್ದರು. ನಮ್ಮಿಬ್ಬರ ಆಟ ಅದು. ನಾನು, "ಮೇಷ್ಟ್ರು!" ಎಂದರೆ ತಾತ, "ಥೂ, ಮೇಷ್ಟ್ರ ಚಪ್ಪಲೀಲಿ ಸೀಮೆಸುಣ್ಣದ ಪುಡಿ ಇರ್ತದೆ ಕಣೇ. ಇವ್ನು ಬ್ರೋಕರ್ರು" ಎನ್ನುವರು. ನಿಜಕ್ಕೂ ಬ್ರೋಕರೇ ಆಗಿರುತ್ತಿದ್ದ. ಹತ್ತಕ್ಕೆ ಎಂಟು ಸಲ ತಾತನೇ ಗೆಲ್ಲುತ್ತಿದ್ದರು. ಹಾಗಾಗಿ ಅವರ ವಿದ್ಯೆ ಬರೀ ಬುರುಡೆ ಎಂದು ಈಗಲೂ ನನ್ನಿಂದ ಹೇಳಲಾಗುವುದಿಲ್ಲ, ನನ್ನ ಗೊಂದಲವೇ ಅಲ್ಲಿಂದ ಶುರು.

ತಾತನ ಬೂಟುಗಳ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಕಲೇಶಪುರದಲ್ಲಿ ಒಬ್ಬರು ಸಾಬರು ಅಳತೆ ತೆಗೆದು ಹೊಲಿದುಕೊಟ್ಟ ಬೂಟು. ನಾನು ಹುಟ್ಟುವುದಕ್ಕಿಂತ ಮೊದಲಿನದು. ಅಟ್ಟೆಯನ್ನು ಮೂರು ಸಲ ಬದಲಾಯಿಸಿದ್ದರು, ಮೇಲಿನ ಚರ್ಮ ಮಾತ್ರ ಹಾಗೇ ಇತ್ತು. ಭಾನುವಾರ ಬಿಸಿಲಿದ್ದರೆ ಹರಳೆಣ್ಣೆ ಸವರಿ ಬಟ್ಟೆಯಿಂದ ತಿಕ್ಕುತ್ತಾ ಕೂರುತ್ತಿದ್ದರು. ಆ ಎಣ್ಣೆ, ಚರ್ಮ, ಪಕ್ಕದಲ್ಲಿ ಹುರಿಯುತ್ತಿದ್ದ ಕಾಫಿ ಬೀಜ, ಮೂರೂ ಸೇರಿದ ವಾಸನೆಗೆ ಏನು ಹೆಸರೋ ಗೊತ್ತಿಲ್ಲ, ನನಗೆ ತಾತ ಎಂದರೆ ಅದೇ.

ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಬೂಟು ಒದ್ದೆ ಮುದ್ದೆ. ಸಂಜೆ ಹಳೇ ಪೇಪರು ಉಂಡೆ ಮಾಡಿ ಒಳಗೆ ತುರುಕಿ ಬಚ್ಚಲ ಒಲೆಯ ಹತ್ತಿರ ಇಡುತ್ತಿದ್ದರು. ಪೇಪರು ನೀರು ಹೀರಿಕೊಳ್ಳುತ್ತದೆ, ಬೂಟಿನ ಆಕಾರವೂ ಕೆಡುವುದಿಲ್ಲ. ಬೆಳಿಗ್ಗೆ ಆ ಪೇಪರು ತೆಗೆದು ಒಲೆಗೆ ಹಾಕುವುದು, ಬೂಟನ್ನು ಮಗುಚಿ ಕುಟ್ಟಿ ರಕ್ತ ಹೀರುವ ಇಂಬಳ ಸೇರಿಕೊಂಡಿದೆಯೇ ನೋಡುವುದು ನನ್ನ ಕೆಲಸ. ನೆಂಟರು ಬಂದರೂ ಅಷ್ಟೇ. ಅವರು ಒಳಗೆ ಕೂತು ಕಾಫಿ ಕುಡಿಯುವಾಗ ನಾನು ಹೊರಗೆ ಒಂದೊಂದೇ ಚಪ್ಪಲಿ, ಶೂ ಎತ್ತಿ ಕುಟ್ಟಿ, ಇಂಬಳ ಬಿದ್ದರೆ ಮೇಲೆ ಉಪ್ಪು ಹಾಕಿ, ಎಲ್ಲವನ್ನೂ ಸಾಲಾಗಿ ಬಿಸಿಲಿಗೆ ಇಡಬೇಕು. "ರೈಟ್ರ ಮನೇಲಿ ಚಪ್ಲಿಗೂ ಉಪಚಾರ ಐತೆ ಮಾರಾಯ" ಎಂದು ಸಣ್ಣಪ್ಪ ಮಾವ ಊರೆಲ್ಲ ಹೇಳಿಕೊಂಡು ಬಂದಿದ್ದರು. ನನಗೆ ಬಹಳ ಹೆಮ್ಮೆ.

ಆ ವರ್ಷ ಮನೆಯಲ್ಲಿ ಎಲ್ಲರಿಗೂ ಇದ್ದದ್ದು ಒಂದೇ ಯೋಚನೆ, ವಿಮಲತ್ತೆಯ ಮದುವೆ. ವಿಮಲತ್ತೆ ಅಪ್ಪನ ತಂಗಿ. ಇಪ್ಪತ್ತಾರು ದಾಟಿತ್ತು. ಉದ್ದ ಜಡೆ, ಜೋರು ನಗು. ನನಗೆ ಕುಂಟೆಬಿಲ್ಲೆ ಕಲಿಸಿದವಳು ಅವಳೇ, ಸೀರೆ ಎತ್ತಿ ಸಿಕ್ಕಿಸಿಕೊಂಡು ಕುಂಟಿದರೆ ನಮ್ಮ ಶಾಲೆಯ ಯಾವ ಹುಡುಗಿಯೂ ಅವಳ ಮುಂದೆ ನಿಲ್ಲುತ್ತಿರಲಿಲ್ಲ. ಅವಳನ್ನು ನೋಡಲು ಬಂದ ಎರಡು ಗಂಡುಗಳನ್ನು ತಾತ ಕಾಲು ನೋಡಿಯೇ ವಾಪಸ್ಸು ಕಳಿಸಿದ್ದರು. ಒಬ್ಬನದು ಚೂಪು ಮೂತಿಯ ಹೊಳೆಯುವ ಶೂ. "ಶೋಕಿಲಾಲ" ಎಂದರು. ಇನ್ನೊಬ್ಬನ ಶೂ ಹಿಮ್ಮಡಿ ತುಳಿದು ತುಳಿದು ಚಪ್ಪಟೆಯಾಗಿತ್ತು. "ಬಗ್ಗಿ ಲೇಸು ಬಿಚ್ಚೋಕೆ ಸೋಮಾರಿ, ಸಂಸಾರ ಏನ್ ಮಾಡ್ತಾನೆ?" ಎಂದರು. ಅಜ್ಜಿ ಹಣೆ ಚಚ್ಚಿಕೊಂಡರು. ಅತ್ತೆ ನಕ್ಕಳು, ಆದರೆ ಎರಡನೆಯ ಸಲ ಆ ನಗು ಅಷ್ಟು ಜೋರಾಗಿರಲಿಲ್ಲ.

ಗೌರಿ ಹಬ್ಬ ಕಳೆದು ಮಳೆ ಹಿಂದಾಗುತ್ತಿದ್ದ ದಿನಗಳು. ಸಣ್ಣಪ್ಪ ಮಾವ ಮೂರನೆಯ ಗಂಡು ತಂದರು. ಹೆಸರು ಚಂದ್ರಶೇಖರ. ಹೊಂಗಡಹಳ್ಳದ ಕಡೆಯವರು, ಮೂರೆಕರೆ ಕಾಫಿ, ಜೊತೆಗೆ ಒಂದು ತೋಟದ ಜೀಪು ಓಡಿಸುತ್ತಿದ್ದರು. ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿ, ಬೆಳಿಗ್ಗೆ ಹನಿದಿದ್ದ ಕಾಲುದಾರಿಯಲ್ಲಿ ನಡೆದು ಐದು ಜನ ಬಂದರು. ಹೆಂಗಸರ ಎರಡು ಜೊತೆ ಪ್ಲಾಸ್ಟಿಕ್ ಚಪ್ಪಲಿ, ಸಣ್ಣಪ್ಪ ಮಾವನ ಪಿನ್ನಿನ ಹವಾಯಿ, ಹುಡುಗನ ಅಪ್ಪನ ಟೈರಿನ ಚಪ್ಪಲಿ. ಅವುಗಳ ನಡುವೆ ಒಂದು ಜೊತೆ ಬೂಟು.

ಅಂಥ ಬೂಟು ನಾನು ತಾತನ ಕಾಲಲ್ಲಿ ಬಿಟ್ಟರೆ ಕಂಡಿರಲಿಲ್ಲ. ಕಾಫಿ ಪುಡಿಯ ಬಣ್ಣದ ಚರ್ಮ, ಅಟ್ಟೆಯ ಸುತ್ತ ಎರಡು ಸಾಲು ಬಿಳಿ ಹೊಲಿಗೆ, ಲೇಸು ಪೋಣಿಸುವ ತೂತುಗಳಿಗೆಲ್ಲ ಹಿತ್ತಾಳೆಯ ಬಳೆ. ಕಿಟಕಿಯಿಂದ ನೋಡಿದ ತಾತ ಅಡುಗೆಮನೆಗೆ ಬಂದು ಅಜ್ಜಿಯ ಕಿವಿಯಲ್ಲಿ, "ಉಪ್ಪಿಟ್ಟಿಗೆ ಗೋಡಂಬಿ ಹಾಕೇ" ಎಂದರು. ಅಜ್ಜಿ ನನ್ನ ಅಮ್ಮನ ಮುಖ ನೋಡಿದರು. ಅಮ್ಮ ಡಬ್ಬಿಗೆ ಕೈ ಹಾಕಿದರು. ನಮ್ಮ ಮನೆಯಲ್ಲಿ ಗೋಡಂಬಿ ಎಂದರೆ ಮುಕ್ಕಾಲು ಪಾಲು ಮದುವೆ ಆದಂತೆಯೇ.

ಅತ್ತೆ ತಲೆ ಬಗ್ಗಿಸಿ ಕಾಫಿ ಕೊಟ್ಟು ಬಂದಳು. ಬಂದವಳೇ ನನ್ನ ಕೈ ಹಿಡಿದು ಒಳಕೋಣೆಗೆ ಎಳೆದಳು. "ಕಪ್ ತಗಳ್ಳೋವಾಗ ಏನಂದ್ರು ಗೊತ್ತೇನೆ? 'ನಿಧಾನ, ಬಿಸಿ ಐತೆ, ಕೈ ಸುಟ್ಕಂಡೀರ' ಅಂದ್ರು. ಹಿಂದೆ ಬಂದೋರೆಲ್ಲ ಬಾಯಿಗೆ ಬೀಗ ಹಾಕ್ಕಂಡಿದ್ರು" ಎಂದಳು. ಇನ್ನೂ ಹತ್ತಿರ ಬಗ್ಗಿ, "ಕಾಲು ನೋಡಿದೆ. ಹಿಮ್ಮಡಿ ಎಲ್ಲ ಒಡೆದೈತೆ, ಇಂಬಳ ಕಚ್ಚಿದ ಕಲೆ. ಕೆಲಸ ಮಾಡೋ ಕಾಲು ಕಣೇ" ಎಂದಳು. ಅವಳ ಕೆನ್ನೆ ಕೆಂಪಾಗಿತ್ತು. ನನಗೂ ಯಾಕೋ ಖುಷಿಯಾಗಿ, ಆ ಮನುಷ್ಯನಿಗೆ ಏನಾದರೂ ಉಪಕಾರ ಮಾಡಲೇಬೇಕು ಅನ್ನಿಸಿತು.

ಮಾಡಿಯೇಬಿಟ್ಟೆ. ಹೊರಗೆ ಹೋಗಿ ಎಲ್ಲರ ಚಪ್ಪಲಿ ಕುಟ್ಟಿದೆ. ಕೊನೆಗೆ ಬೂಟು ಎತ್ತಿಕೊಂಡು ಒಳಗೆ ಕೈ ಹಾಕಿದರೆ ಮೂತಿಯಲ್ಲಿ ಪೇಪರಿನ ಉಂಡೆ! ಎರಡರಲ್ಲೂ. ಮುಟ್ಟಿದರೆ ತೇವ ಬೇರೆ. ಪಾಪ, ರಾತ್ರಿ ಒಣಗಲೆಂದು ತುರುಕಿದ್ದಾರೆ, ಬೆಳಿಗ್ಗೆ ಹೊರಡುವ ಅವಸರದಲ್ಲಿ ತೆಗೆಯಲು ಮರೆತುಬಿಟ್ಟಿದ್ದಾರೆ, ಇಷ್ಟು ದೂರ ಬೆರಳು ಮಡಿಸಿಕೊಂಡೇ ನಡೆದು ಬಂದಿದ್ದಾರೆ ಎಂದುಕೊಂಡೆ. ಅವರ ಮನೆಯಲ್ಲಿ ನನ್ನಂಥ ಹುಡುಗಿ ಇಲ್ಲವೇನೋ ಎಂದೂ ಅನ್ನಿಸಿತು. ಎರಡೂ ಉಂಡೆ ತೆಗೆದು ಬಚ್ಚಲ ಒಲೆಗೆ ಎಸೆದೆ. ಬೂಟು ಒರೆಸಿ, ಅದರ ನಾಲಿಗೆ ಹೊರಗೆಳೆದು, ಬಾಯಿ ಸೂರ್ಯನ ಕಡೆ ತಿರುಗಿಸಿ ಇಟ್ಟೆ. ಅಷ್ಟು ಅಚ್ಚುಕಟ್ಟಾಗಿ ನಾನು ತಾತನ ಬೂಟಿಗೂ ಮಾಡಿದ್ದಿಲ್ಲ.

ಒಳಗೆ ಮಾತು ಮುಗಿದಿತ್ತು. ತಾತ ಹೊರಗೆ ಬರುವಾಗಲೇ ಅವರ ನಡಿಗೆಯಲ್ಲಿ ಒಪ್ಪಿಗೆ ಕಾಣುತ್ತಿತ್ತು. ಎಲ್ಲರೂ ಅಂಗಳದಲ್ಲಿ ನಿಂತರು. ಹುಡುಗ ಮೆಟ್ಟಿಲ ಮೇಲೆ ಕೂತು ಒಂದು ಕಾಲು ಬೂಟಿಗೆ ಹಾಕಿದರು. ಹಾಕಿ, ತೆಗೆದು, ಒಳಗೆ ಕೈ ಹಾಕಿ ನೋಡಿದರು. ಮತ್ತೆ ಹಾಕಿಕೊಂಡು ಲೇಸನ್ನು ಎಳೆದೆಳೆದು ಕಟ್ಟಿದರು. ಎದ್ದು ಎರಡು ಹೆಜ್ಜೆ ಇಟ್ಟರೆ ಲೊಟಕ್, ಲೊಟಕ್. ಅಂಗಳದ ಇಳಿಜಾರಿನಲ್ಲಿ ಕೆಸರಿತ್ತು. ಬಲಗಾಲಿನ ಬೂಟು ಅಲ್ಲೇ ಕೆಸರಿನಲ್ಲಿ ಉಳಿಯಿತು, ಕಾಲು ಮಾತ್ರ ಮುಂದೆ ಹೋಯಿತು.

ಮೊದಲು ಬಾಯಿ ಬಿಟ್ಟವಳು ನಾನೇ, ಶನಿ! "ತಾತ, ಒಳಗೆ ಪೇಪರ್ ಮರ್ತಿದ್ರು, ನಾನೇ ತೆಗೆದೆ" ಎಂದೆ, ಶಭಾಷ್ ಅನ್ನಿಸಿಕೊಳ್ಳಲು.

ತಾತ ಕೆಸರಿನಲ್ಲಿದ್ದ ಬೂಟನ್ನು ನೋಡಿದರು, ಪಕ್ಕದಲ್ಲಿದ್ದ ಕಾಲನ್ನು ನೋಡಿದರು. ಕಾಲಿಗೂ ಬೂಟಿಗೂ ಎರಡು ಬೆರಳಿನಷ್ಟು ವ್ಯತ್ಯಾಸ. "ಯಾರ್ದು?" ಎಂದರು.

"ನಮ್ಮ ಸಾವ್ಕಾರ್ರದು ರೈಟ್ರೇ" ಎಂದರು ಹುಡುಗ. ದನಿ ನಡುಗಲಿಲ್ಲ. "ನಂದು ಪ್ಲಾಸ್ಟಿಕ್ ಶೂ. ಜೀಪಲ್ಲೈತೆ. ನಿಮ್ಮನೇಲಿ ಕಾಲು ನೋಡೇ ಹೆಣ್ಣು ಕೊಡೋದು ಅಂತ ಹೇಳಿದ್ರು. ಅದಕ್ಕೆ."

ಸಣ್ಣಪ್ಪ ಮಾವ ತೋಟದ ಕಡೆ ತಿರುಗಿ ಅಲ್ಲೇನೋ ಹಕ್ಕಿ ನೋಡುವವರಂತೆ ನಿಂತುಬಿಟ್ಟರು. ಹುಡುಗ ಇನ್ನೊಂದು ಬೂಟನ್ನೂ ಬಿಚ್ಚಿ, ಕೆಸರನ್ನು ಅಲ್ಲಿದ್ದ ಹುಲ್ಲಿಗೆ ಒರೆಸಿ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡು, "ಬತ್ತೀವಿ" ಎಂದು ಬರಿಗಾಲಲ್ಲೇ ಇಳಿದು ಹೋದರು. ಅತ್ತೆ ಒಳಕೋಣೆಯ ಕಿಟಕಿಯ ಸರಳು ಹಿಡಿದು ನಿಂತು ಅವರ ಬೆನ್ನು ಕಾಫಿ ಗಿಡಗಳ ನಡುವೆ ಮರೆಯಾಗುವವರೆಗೂ ನೋಡುತ್ತಿದ್ದಳು.

ಮಧ್ಯಾಹ್ನ ಮನೆಯಲ್ಲಿ ದೊಡ್ಡ ಪಂಚಾಯ್ತಿ. "ಬೂಟಲ್ಲಿ ಸುಳ್ಳು ಹೇಳೋನು ಮನೆ ವಿಚಾರದಲ್ಲಿ ಹೇಳಲ್ವೇ?" ಎಂದು ತಾತ. ಅತ್ತೆ ಮೊದಲ ಸಲ ತಾತನ ಎದುರು ಮಾತಾಡಿದಳು: "ಕೇಳಿದ ತಕ್ಷಣ ನಿಜ ಹೇಳಿದ್ರಲ್ಲ ಅಪ್ಪಯ್ಯ. ನೀವು ಕಾಲು ನೋಡ್ತೀರಿ ಅಂತ ಅಲ್ವೇ ಅವ್ರು ಸುಳ್ಳು ಹಾಕ್ಕಂಡು ಬಂದಿದ್ದು? ನಂಗೆ ಒಪ್ಪಿಗೆ ಐತೆ."

ಅಜ್ಜಿಯೂ ಬಾಯಿ ಹಾಕಿದರು. "ನನ್ನ ನೋಡಕ್ಕೆ ಬಂದಾಗ ಇವ್ರ ಕಾಲಲ್ಲಿ ಏನೂ ಇರ್ಲಿಲ್ಲ. ಹೊಲದಿಂದ ಬಂದಂಗೆ ಬಂದಿದ್ರು. ನಮ್ಮಪ್ಪ ಕೊಡ್ಲಿಲ್ವೇ?"

ತಾತನಿಗೆ ಸಿಟ್ಟು ಬಂತೋ ನೋವಾಯಿತೋ ಗೊತ್ತಿಲ್ಲ. "ಬರಿಗಾಲು ನಂದೇ ಆಗಿತ್ತು ಕಣೇ. ಇನ್ನೊಬ್ರ ಕಾಲು ಕೇಳ್ಕಂಡು ಬಂದಿರ್ಲಿಲ್ಲ" ಎಂದರು.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತೆ ಹೇಳಿದಾಗ ಅತ್ತೆಯದೇ ಸರಿ ಅನ್ನಿಸಿತು. ಅಜ್ಜಿ ಹೇಳಿದಾಗ ಇನ್ನೂ ಸರಿ ಅನ್ನಿಸಿತು. ತಾತ ಹಾಗೆಂದ ಮೇಲೆ ಅದೂ ಸರಿಯೇ ಅನ್ನಿಸಿ ತಲೆ ಗಿರ್ರೆಂದಿತು. ಎಲ್ಲರೂ ಸರಿ ಇದ್ದರೆ ತಪ್ಪು ಯಾರದು? ಲೆಕ್ಕ ಹಾಕಿದರೆ ಉಳಿಯುತ್ತಿದ್ದವಳು ನಾನೊಬ್ಬಳೇ. ಹಿತ್ತಿಲಿಗೆ ಹೋಗಿ ಬಚ್ಚಲ ಒಲೆಯಲ್ಲಿ ಕಡ್ಡಿ ಆಡಿಸಿ ನೋಡಿದೆ. ಪೇಪರು ಬೂದಿಯಾಗಿತ್ತು. ಅಲ್ಲೇ ಕೂತು ಅಳತೊಡಗಿದೆ. ಅಮ್ಮ ಬಂದು, "ಯಾಕೆ, ಹೊಟ್ಟೆನೋವಾ?" ಎಂದರು. ಹೌದೆಂದೆ. ಓಮಿನ ಕಷಾಯ ಕುಡಿಸಿದರು.

ತಾತ ಜಗ್ಗಲಿಲ್ಲ. ಅತ್ತೆ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಜಡೆ ಹಾಕುವಾಗ ನಾನು, "ಪೇಪರ್ ನಾನು ತೆಗೀದೇ ಇದ್ದಿದ್ರೆ ಅತ್ತೆ?" ಎಂದು ಶುರು ಮಾಡಿದರೆ, "ನೆಟ್ಟಗೆ ಕೂತ್ಕೋ, ಬೈತಲೆ ಸೊಟ್ಟ ಆಗ್ತದೆ" ಎನ್ನುತ್ತಿದ್ದಳು. ಚಂದ್ರಶೇಖರ ಅವರಿಗೆ ಆ ಮಾಗಿಯಲ್ಲೇ ಬೇರೆ ಕಡೆ ಮದುವೆಯಾಯಿತೆಂದು ಸಣ್ಣಪ್ಪ ಮಾವ ಹೇಳಿದರು. ಅತ್ತೆ ಆಗ ಅಕ್ಕಿ ಆರಿಸುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸಿದಳು.

ಬೇಸಿಗೆಗೆ ಆಲೂರಿನ ಕಡೆಯಿಂದ ಒಬ್ಬರು ಬಂದರು. ಕಾಲಲ್ಲಿ ಸವೆದು ತೆಳ್ಳಗಾದ ಹವಾಯಿ, ಎರಡೂ ಬಾರು ಬೇರೆ ಬೇರೆ ಬಣ್ಣ. ತಾತನಿಗೆ ಹಿಡಿಸಲಾರದಷ್ಟು ಸಂತೋಷ. "ನೋಡು, ಇವ್ನು ಇದ್ದಂಗೆ ಬಂದವ್ನೆ. ಒಂದಿಷ್ಟೂ ಬೂಟಾಟಿಕೆ ಇಲ್ಲ" ಎಂದರು. ಅತ್ತೆ ಈ ಸಲ ಹ್ಞೂ ಎಂದಳು, ಅಷ್ಟೇ. ಮದುವೆ ಆಗಿಹೋಯಿತು.

ದಸರಾ ರಜಕ್ಕೆ ನಾನು ಆಲೂರಿಗೆ ಹೋಗಿದ್ದೆ. ಕಣ್ಣಾಮುಚ್ಚಾಲೆ ಆಡುತ್ತಾ ಮಂಚದ ಕೆಳಗೆ ನುಗ್ಗಿದರೆ ಅಲ್ಲಿ ಮೂರು ಜೊತೆ ಬೂಟು, ಸಾಲಾಗಿ. ಒಂದಕ್ಕಿಂತ ಒಂದು ಮಿರಿಮಿರಿ. ಅತ್ತೆಯನ್ನು ಕರೆದು, "ಯಾರ್ದು?" ಎಂದೆ. ತಾತ ಅಂದು ಕೇಳಿದ ದನಿಯಲ್ಲೇ ಕೇಳಿದೆನೇನೋ, ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದಳು.

"ಮಾವಂದೇ ಕಣೇ. ಅವತ್ತು ನಮ್ಮನೆಗೆ ಬರೋವಾಗ ಬೇಕು ಅಂತ್ಲೇ ಆಳಿನ ಚಪ್ಲಿ ಇಸ್ಕಂಡು ಹಾಕ್ಕಂಡು ಬಂದಿದ್ರಂತೆ. ರೈಟ್ರಿಗೆ ಬೂಟು ಕಂಡ್ರೆ ಆಗಲ್ಲ ಅಂತ ಆಲೂರಿನವರೆಗೂ ಸುದ್ದಿ ಹೋಗ್ಬುಟ್ಟಿತ್ತಂತೆ" ಎಂದಳು. ಹೇಳುತ್ತಾ ಹೇಳುತ್ತಾ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ತಾತಂಗೆ ಹೇಳ್ಬ್ಯಾಡ" ಎಂದಳು.

ಹೇಳಲಿಲ್ಲ. ಎರವಲು ತಂದ ಬೂಟು ಸುಳ್ಳಾದರೆ ಎರವಲು ತಂದ ಹವಾಯಿ ಸುಳ್ಳಲ್ಲವೇ ಎಂದು ತಾತನನ್ನು ಕೇಳಬೇಕೆಂದು ನಾಲಿಗೆಯ ತುದಿಗೆ ಎಷ್ಟೋ ಸಲ ಬಂದಿತ್ತು. ಒಮ್ಮೆ ನಿಜ ಹೇಳಿ ಆದದ್ದು ಸಾಕಾಗಿತ್ತು. ಅಳಿಯನ ಸರಳತೆಯನ್ನು ಹೊಗಳುತ್ತಲೇ ತಾತ ತೀರಿಹೋದರು. ಆಲೂರಿನ ಮಾವ ಕೆಟ್ಟವರೇನಲ್ಲ. ಕುಡಿದವರಲ್ಲ, ಕೈ ಎತ್ತಿದವರಲ್ಲ. ಮಾತು ಕಡಿಮೆ. ಅತ್ತೆಯೂ ಅಲ್ಲಿ ಮಾತು ಕಡಿಮೆ ಮಾಡಿಕೊಂಡಳು.

ಈಗ ನಮ್ಮ ಊರಿನ ಯಾವ ಮನೆಯ ಮುಂದೆ ನಿಂತರೂ ನನಗೆ ಒಳಗೆ ಯಾರಿದ್ದಾರೆಂದು ತಿಳಿಯುವುದಿಲ್ಲ. ತೋಟದ ಯಜಮಾನನಿಗೂ, ಹುಲ್ಲು ಕತ್ತರಿಸುವ ಮೆಷಿನ್ ಹಿಡಿದವನಿಗೂ ಒಂದೇ ಥರದ ಬಿಳಿ ಅಟ್ಟೆಯ ಶೂ. ಅದು ಒಳ್ಳೆಯದೇ. ಕಾಫಿಯೂ ಎಲ್ಲರಿಗೂ ಒಂದೇ ಕಾಗದದ ಲೋಟದಲ್ಲಿ. ಅದೂ ಒಳ್ಳೆಯದೇ. ಬಾರು ಹರಿದರೆ ಹೊಲಿಸುವವರಿಲ್ಲ, ಸಾಬರ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ. ಬಂದವರ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವವರೂ ಇಲ್ಲ. ತಪ್ಪು ತಪ್ಪಾಗಿಯಾದರೂ ನಾವು ಒಬ್ಬರನ್ನೊಬ್ಬರು ಗಮನಿಸುತ್ತಿದ್ದೆವಲ್ಲ ಎಂದು ಕೆಲವೊಮ್ಮೆ ಸಂಕಟವಾಗುತ್ತದೆ. ಆ ಸಂಕಟ ಸರಿಯೋ ತಪ್ಪೋ, ಅದೂ ನನಗೆ ಗೊತ್ತಿಲ್ಲ.

ಹೋದ ವರ್ಷ ಅತ್ತೆಯ ಮನೆಗೆ ಹೋಗಿದ್ದೆ. ಮಾವ ಒಳಗೆ ಮಲಗಿದ್ದರು. ಜಗಲಿಯಲ್ಲಿ ನಾವಿಬ್ಬರೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಇಷ್ಟು ವರ್ಷ ಕೇಳದ್ದನ್ನು ಕೇಳಿಯೇಬಿಟ್ಟೆ. "ಅತ್ತೆ, ನನ್ನ ಮೇಲೆ ಸಿಟ್ಟಿತ್ತಾ?"

"ಯಾಕೆ?" ಎಂದಳು, ಗೊತ್ತಿದ್ದೂ. ಆಮೇಲೆ, "ಥೂ ಹುಚ್ಚಿ, ನೀನು ಮಗು" ಎಂದಳು. ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು. ಕಾಯಿ ಸುಲಿಯುತ್ತಿದ್ದ ಅವಳ ಕೈ ನಿಂತಿತು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಪುಟ್ಟಿ, ಅವ್ರು ನೋಡಕ್ಕೆ ಹೆಂಗಿದ್ರೇ? ನಾನು ತಲೆ ಎತ್ಲೇ ಇಲ್ಲ. ಹೋಗೋವಾಗ ಬರೀ ಬೆನ್ನು ಕಾಣಿಸ್ತು. ನೀನಾದ್ರೆ ಎದುರಿಗೇ ನಿಂತಿದ್ದೆ, ಹೇಳು."

ನಾನು ನೆನಪಿಸಿಕೊಳ್ಳಲು ನೋಡಿದೆ. ಅಟ್ಟೆಯ ಎರಡು ಸಾಲು ಬಿಳಿ ಹೊಲಿಗೆ ಕಾಣಿಸಿತು. ಹಿತ್ತಾಳೆಯ ಬಳೆಗಳು ಒಂದು ಕಡೆಗೆ ಏಳು ಇದ್ದವು, ಅದೂ ನೆನಪಾಯಿತು. ಕೆಸರಿನಲ್ಲಿ ಊರಿದ ಬಲಗಾಲು, ಹೆಬ್ಬೆರಳಿನ ಉಗುರು ಒಡೆದದ್ದು ಸಹ. ಅಲ್ಲಿಂದ ಮೇಲೆ ಏನೂ ಇರಲಿಲ್ಲ. ಎಷ್ಟು ತಿಣುಕಿದರೂ ಆ ಮನುಷ್ಯನಿಗೆ ಮುಖ ಬರಲಿಲ್ಲ. ಅತ್ತೆ ಕಾಯುತ್ತಿದ್ದಳು.

"ಚೆನ್ನಾಗಿದ್ರು ಅತ್ತೆ" ಎಂದೆ.

"ಹೌದಾ" ಎಂದಳು ಅತ್ತೆ. "ನಾನೂ ಹಂಗೇ ಅಂದ್ಕಂಡಿದ್ದೆ."